ಬ್ಯಾಟರಿ "ಸಾಕು" ಅಂದಿದ್ದನ್ನ ಕೇಳಿಸಿಕೊಂಡವರು

ಹೊಸದುರ್ಗದಲ್ಲಿರೋ ನಮ್ಮ ಮಾವ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋ ಯೋಚನೆಯಲ್ಲಿದ್ದಾರೆ. ತೋಟಕ್ಕೆ ಹೋಗಿ ಬರೋಕೆ, ಸಂತೆಗೆ, ಮಗಳನ್ನ ಕಾಲೇಜಿಗೆ ಬಿಡೋಕೆ ಅಂತ. ನಾನು ಸಾಫ್ಟ್‌ವೇರ್ ಕೆಲಸದಲ್ಲಿ ಇರೋದ್ರಿಂದ ಫ್ಯಾನ್ ರಿಪೇರಿಯಿಂದ ಹಿಡಿದು ರಾಕೆಟ್ ತನಕ ಎಲ್ಲಾ ನನಗೆ ಗೊತ್ತು ಅನ್ನೋದು ನಮ್ಮ ನೆಂಟರ ನಂಬಿಕೆ :-) ಹಾಗಾಗಿ ಮೊನ್ನೆ ಫೋನ್ ಮಾಡಿ ಕೇಳಿದ್ರು. "ಅಲ್ಲಪ್ಪಾ, ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ರೆ ಬೆಂಕಿ ಗಿಂಕಿ ಹತ್ತಲ್ವಾ? ಅದೇನೋ ಹದಿನೈದು ನಿಮಿಷಕ್ಕೆ ತುಂಬ್ತೈತೆ ಅಂತಾರೆ, ದಿಟವಾ?"

ಒಂದೇ ಮಾತಲ್ಲಿ ಹೇಳೋ ಉತ್ತರ ಅಲ್ಲ ಇದು. ಇಂಜಿನಿಯರಿಂಗ್ ಓದುವಾಗ ನಮಗೆ ಬ್ಯಾಟರಿ ಅಂದ್ರೆ ಸರ್ಕ್ಯೂಟ್ ಚಿತ್ರದಲ್ಲಿ ಒಂದು ಉದ್ದ ಗೆರೆ, ಒಂದು ಗಿಡ್ಡ ಗೆರೆ, ಅಷ್ಟೇ. ಅದರೊಳಗೆ ಏನಾಗುತ್ತೆ ಅಂತ ಯಾರೂ ಕೇಳ್ತಿರಲಿಲ್ಲ, ಪರೀಕ್ಷೆಯಲ್ಲೂ ಬರ್ತಿರಲಿಲ್ಲ. ಮಾವನ ಪ್ರಶ್ನೆ ಹಿಡಿದು ಹಿಂದಕ್ಕೆ ಓದುತ್ತಾ ಹೋದ ಹಾಗೆ ನನಗೆ ಅನ್ನಿಸಿದ್ದು ಇದು. ಬ್ಯಾಟರಿಗೆ ಬೇಗ ಕರೆಂಟ್ ತುಂಬಿಸೋದು ಯಾವತ್ತೂ ದೊಡ್ಡ ಸಮಸ್ಯೆಯಾಗಿರಲಿಲ್ಲ. ದಪ್ಪ ವೈರು, ದೊಡ್ಡ ಡೈನಮೋ ಇದ್ರೆ ಎಷ್ಟು ಬೇಕಾದ್ರೂ ತಳ್ಳಬಹುದು. ಯಾವಾಗ ನಿಲ್ಲಿಸಬೇಕು ಅಂತ ಗೊತ್ತಾಗೋದೇ ಕಷ್ಟ. ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಜನ ತಲೆ ಕೆಡಿಸಿಕೊಂಡಿರೋದು ಹೆಚ್ಚಾಗಿ ಇದಕ್ಕೇ.

ನಮ್ಮ ಕಡೆಯಿಂದಲೇ ಶುರು ಮಾಡೋಣ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನ ಆಸುಪಾಸಲ್ಲಿ ಒಂದು ಬ್ಯಾಟರಿ ಅಂಗಡಿ ಇರುತ್ತೆ. ಆಸಿಡ್ ಬಿದ್ದು ಬೆಳ್ಳಗಾದ ನೆಲ, ಮೂಗಿಗೆ ಅಡರೋ ವಾಸನೆ, ಸಾಲಾಗಿ ಕೂತ ಟ್ರ್ಯಾಕ್ಟರ್, ಲಾರಿ ಬ್ಯಾಟರಿಗಳು. ಕರೆಂಟ್ ಇಲ್ಲದ ಹಟ್ಟಿಗಳಲ್ಲಿ ಬ್ಲಾಕ್ ಅಂಡ್ ವೈಟ್ ಟೀವಿ ಓಡ್ತಿದ್ದಿದ್ದೇ ಕಾರ್ ಬ್ಯಾಟರಿಯಿಂದ. ಅದನ್ನ ಸೈಕಲ್ ಕ್ಯಾರಿಯರ್‌ಗೆ ಟ್ಯೂಬಿನಿಂದ ಬಿಗಿದು ಪೇಟೆಗೆ ತಂದು, ಅಂಗಡಿಯಲ್ಲಿ ಬಿಟ್ಟು, ಮಾರನೇ ದಿನ ಬಂದು ಒಯ್ಯೋರು. ಭಾನುವಾರದ ಸಿನಿಮಾಗೆ ಶನಿವಾರವೇ ಬ್ಯಾಟರಿ ರೆಡಿ ಆಗಬೇಕಿತ್ತು!

ಆ ಅಂಗಡಿಯವರ ಲೆಕ್ಕ ಸರಳ. ಬ್ಯಾಟರಿ ಮೇಲೆ ಬರೆದಿರೋ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗದಷ್ಟು ಕರೆಂಟು. 100 ಆಂಪಿಯರ್-ಅವರ್ ಬ್ಯಾಟರಿಗೆ 10 ಆಂಪಿಯರ್, ಹತ್ತು ಗಂಟೆ, ಮೇಲೆ ಒಂದೆರಡು ಗಂಟೆ. ಮುಚ್ಚಳ ತೆಗೆದು ನೋಡಿದ್ರೆ ನೀರು ಸಣ್ಣಗೆ ಕುದಿಯೋ ಹಾಗೆ ಗುಳ್ಳೆ ಬರ್ತಿರುತ್ತೆ. ಆಮೇಲೆ ಗಾಜಿನ ಹೈಡ್ರೋಮೀಟರಿನಲ್ಲಿ ಆಸಿಡ್ ಹೀರಿ ಗ್ರಾವಿಟಿ ನೋಡ್ತಾರೆ. ತುಂಬಿದ ಬ್ಯಾಟರಿಯಲ್ಲಿ 1.28ರ ಹತ್ತಿರ ಇರುತ್ತೆ, ಖಾಲಿಯಾದದ್ದರಲ್ಲಿ 1.15 ಅಥವಾ ಇನ್ನೂ ಕಮ್ಮಿ. ಅರ್ಜೆಂಟ್ ಅಂತ ಯಾರಾದ್ರೂ ಲಾರಿ ಡ್ರೈವರ್ ಗಲಾಟೆ ಮಾಡಿದ್ರೆ ನಾಬ್ ತಿರುಗಿಸಿ ಬೂಸ್ಟ್ ಹಾಕ್ತಾರೆ, ಆದರೆ "ಬ್ಯಾಟರಿ ಬಾಳಿಕೆ ಬರಲ್ಲ ನೋಡಿ, ಆಮೇಲೆ ನನ್ನ ಕೇಳಬೇಡಿ" ಅಂತ ಹೇಳಿಯೇ ಹಾಕ್ತಾರೆ.

ಆ ಗುಳ್ಳೆಗಳೇ ಬ್ಯಾಟರಿಯ ಮಾತು. ಸೀಸದ ಬ್ಯಾಟರಿಯ ಒಂದೊಂದು ಸೆಲ್ಲಿನ ವೋಲ್ಟೇಜು ಸುಮಾರು 2.4 ದಾಟಿದ ಮೇಲೆ ಒಳಗೆ ಹೋಗೋ ಕರೆಂಟು ಪ್ಲೇಟುಗಳನ್ನ ಬದಲಾಯಿಸೋ ಬದಲು ನೀರನ್ನ ಒಡೆಯೋಕೆ ಶುರು ಮಾಡುತ್ತೆ. ಹೈಡ್ರೋಜನ್, ಆಕ್ಸಿಜನ್ ಹೊರಗೆ ಬರುತ್ತೆ. ಗಾಳಿಯಲ್ಲಿ ಶೇಕಡಾ 4ರಷ್ಟು ಹೈಡ್ರೋಜನ್ ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಹೆಚ್ಚು ಕರೆಂಟು ಹಾಕಿದ್ರೆ ಪ್ಲೇಟು ಬಿಸಿಯಾಗಿ ಸೊಟ್ಟಗಾಗುತ್ತೆ, ಅದರ ಮೇಲಿನ ಪುಡಿ ಉದುರಿ ಕೆಳಗೆ ಕೂರುತ್ತೆ. ಆ ಅಂಗಡಿಯವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದವರಲ್ಲ, ಆದರೆ ಬ್ಯಾಟರಿ "ಸಾಕು" ಅಂದಿದ್ದು ಅವರಿಗೆ ಕೇಳಿಸ್ತಿತ್ತು.

ಈ ಬ್ಯಾಟರಿಯನ್ನ ಕಂಡುಹಿಡಿದದ್ದು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ, 1859ರಲ್ಲಿ. ಎರಡು ಸೀಸದ ಹಾಳೆ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ತಮಾಷೆ ಏನಂದ್ರೆ ಆಗ ಅದನ್ನ ಚಾರ್ಜ್ ಮಾಡೋಕೆ ಸರಿಯಾದ ಡೈನಮೋನೇ ಇರಲಿಲ್ಲ. ಬೇರೆ ಬ್ಯಾಟರಿಗಳಿಂದಲೇ ಇದಕ್ಕೆ ಕರೆಂಟು ಕೊಡಬೇಕಿತ್ತು! ಪ್ಲೇಟುಗಳು ಹದಕ್ಕೆ ಬರೋಕೆ ತಿಂಗಳುಗಟ್ಟಲೆ ಚಾರ್ಜು, ಡಿಸ್ಚಾರ್ಜು ಮಾಡ್ತಾ ಇರಬೇಕಿತ್ತು. 1881ರಲ್ಲಿ ಕಮಿಲ್ ಫಾರ್ ಅನ್ನೋನು ಸೀಸದ ಆಕ್ಸೈಡನ್ನ ಪೇಸ್ಟ್ ಮಾಡಿ ಬಳಿಯೋ ಉಪಾಯ ತಂದ ಮೇಲೆ ಈ ಕಾಯುವಿಕೆ ತಪ್ಪಿತು. ಅಷ್ಟೊತ್ತಿಗೆ ಡೈನಮೋನೂ ಬಂದಿತ್ತು. ಬ್ಯಾಟರಿ ಮಾರಾಟದ ಸರಕಾಯಿತು.

ಆದರೆ ಡೈನಮೋ ಬಂದಿದ್ದೇ ಹೊಸ ತಲೆನೋವು. ಇದನ್ನ ಬಿಡಿಸಿದ ಒಂದು ಉಪಾಯ ನನಗೆ ತುಂಬಾ ಇಷ್ಟ, ಮತ್ತು ಅದು ನಮ್ಮ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ನಿಂತು ರೈಲು ನೋಡಿದ ಯಾರಿಗಾದ್ರೂ ಅರ್ಥ ಆಗುತ್ತೆ. (ಗೊತ್ತಿಲ್ಲದವರಿಗೆ: ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲೇ ಬೆಂಗಳೂರು-ಹುಬ್ಬಳ್ಳಿ ಲೈನಿನಿಂದ ಚಿತ್ರದುರ್ಗದ ಕವಲು ಒಡೆಯೋದು.) ರೈಲು ಬೋಗಿಯ ಕೆಳಗೆ ಬಗ್ಗಿ ನೋಡಿ. ಒಂದು ಕಡೆ ಬ್ಯಾಟರಿ ಪೆಟ್ಟಿಗೆ, ಇನ್ನೊಂದು ಕಡೆ ಗಾಲಿಯ ಅಚ್ಚಿನಿಂದ ಬೆಲ್ಟ್ ಹಾಕಿ ತಿರುಗಿಸೋ ಯಂತ್ರ. ನೀಲಿ ಬಣ್ಣದ ಹಳೇ ಮಾದರಿ ಬೋಗಿಗಳಲ್ಲಿ ಈಗ ಆಲ್ಟರ್ನೇಟರ್ ಇದೆ, ಮೀಟರ್ ಗೇಜ್ ಕಾಲದಲ್ಲಿ ಡೈನಮೋ ಇರ್ತಿತ್ತು. ರೈಲು ಓಡುವಾಗ ಅದು ಬ್ಯಾಟರಿ ತುಂಬಿಸುತ್ತೆ, ಸ್ಟೇಷನ್ನಿನಲ್ಲಿ ನಿಂತಾಗ ಬ್ಯಾಟರಿಯಿಂದ ದೀಪ ಉರಿಯುತ್ತೆ.

ಈಗ ಯೋಚನೆ ಮಾಡಿ. ರೈಲಿನ ವೇಗ ಒಂದೇ ಸಮ ಇರಲ್ಲ. ಹೊಸದುರ್ಗ ರೋಡ್ ಸ್ಟೇಷನ್ ಬಿಟ್ಟಾಗ ತೆವಳುತ್ತೆ, ಬಯಲಿಗೆ ಬಿದ್ದ ಮೇಲೆ ಹಾರುತ್ತೆ. ಡೈನಮೋ ವೇಗ ಹೆಚ್ಚಿದ ಹಾಗೆ ವೋಲ್ಟೇಜು ಏರುತ್ತೆ, ಬ್ಯಾಟರಿಗೆ ಕರೆಂಟು ನುಗ್ಗುತ್ತೆ, ದೀಪ ಸುಟ್ಟುಹೋಗುತ್ತೆ. ಟ್ರಾನ್ಸಿಸ್ಟರ್ ಇಲ್ಲ, ಚಿಪ್ ಇಲ್ಲ. 1890ರ ದಶಕ. ಹೇಗೆ ತಡೀತೀರಿ?

ಇಂಗ್ಲೆಂಡಿನ ಜೆ. ಸ್ಟೋನ್ ಅನ್ನೋ ಕಂಪನಿಯ ಉತ್ತರ: ಬೆಲ್ಟ್ ಜಾರಲಿ ಬಿಡಿ! ಡೈನಮೋವನ್ನ ಗಟ್ಟಿಯಾಗಿ ಬಿಗಿಯದೆ ಒಂದು ಮೂಲೆಯಿಂದ ಜೋಕಾಲಿ ಥರ ನೇತುಹಾಕಿದರು. ಡೈನಮೋದ ಸ್ವಂತ ಭಾರದಿಂದ ಬೆಲ್ಟಿಗೆ ಇಂತಿಷ್ಟೇ ಬಿಗಿ ಸಿಗುತ್ತೆ. ಕರೆಂಟು ಹೆಚ್ಚಾದಂತೆ ಡೈನಮೋ ತಿರುಗಿಸೋಕೆ ಹೆಚ್ಚು ಬಲ ಬೇಕು. ಆ ಬಲ ಬೆಲ್ಟಿನ ಬಿಗಿಯನ್ನ ಮೀರಿದ ಕೂಡಲೇ ಬೆಲ್ಟು ರಾಟೆಯ ಮೇಲೆ ಜಾರುತ್ತೆ. ರೈಲು ಎಷ್ಟೇ ಜೋರಾಗಿ ಓಡಿದರೂ ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ಕರೆಂಟು ಬರಲ್ಲ. ಜೊತೆಗೆ ಒಂದು ಗವರ್ನರ್ ಸ್ವಿಚ್ಚು. ವೇಗ ಸಾಕಷ್ಟು ಬಂದ ಮೇಲೆ ಮಾತ್ರ ಡೈನಮೋವನ್ನ ಬ್ಯಾಟರಿಗೆ ಜೋಡಿಸುತ್ತೆ, ಇಲ್ಲದಿದ್ರೆ ಬ್ಯಾಟರಿಯೇ ಉಲ್ಟಾ ಡೈನಮೋವನ್ನ ಮೋಟಾರ್ ಥರ ತಿರುಗಿಸೋಕೆ ನೋಡ್ತಿತ್ತು. ರೈಲು ಹಿಂದಕ್ಕೆ ಓಡಿದ್ರೆ ಪ್ಲಸ್ಸು ಮೈನಸ್ಸು ಅದಲುಬದಲು ಮಾಡೋ ವ್ಯವಸ್ಥೆ ಕೂಡ ಇತ್ತು. ಇದು ಬೇರೆ ದೇಶಗಳ ರೈಲುಗಳಿಗೂ ಹರಡಿತು, ಮುಂದೆ ಕಲ್ಕತ್ತಾದಲ್ಲಿ ಸ್ಟೋನ್ ಇಂಡಿಯಾ ಅಂತಲೇ ಕಂಪನಿಯಾಯಿತು. ನಮ್ಮ ದೇಶದಲ್ಲಿ ಎಲ್ಲ ಬೋಗಿಗೂ ವಿದ್ಯುತ್ ದೀಪ ಹಾಕಿಸಿದ ಮೊದಲಿಗರು ಜೋಧಪುರ ರೈಲ್ವೆಯವರು, 1902ರಲ್ಲಿ. ಅದೇ 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಗಣಿ ತಲುಪಿತು. ನಮ್ಮ ಬಯಲುಸೀಮೆಯ ಹಳ್ಳಿಗಳ ಮನೆಗೆ ಕರೆಂಟು ಬರೋಕೆ ಇನ್ನೂ ಎಷ್ಟೋ ದಶಕ ಬೇಕಿತ್ತು.

ಬೆಲ್ಟಿನ ಉಪಾಯ ಬ್ಯಾಟರಿಯನ್ನ ಉಳಿಸ್ತು, ನಿಜ. ಆದರೆ ಅದಕ್ಕೆ ಬ್ಯಾಟರಿಯ ಹೊಟ್ಟೆ ಎಷ್ಟು ತುಂಬಿದೆ ಅಂತ ಗೊತ್ತಿರಲಿಲ್ಲ. ಆ ದಿಕ್ಕಿನಲ್ಲಿ ಒಂದು ಒಳ್ಳೇ ಹೆಜ್ಜೆ ಇಟ್ಟವನು ಅಮೆರಿಕದ ಲೆಸ್ಟರ್ ವುಡ್‌ಬ್ರಿಡ್ಜ್, 1935ರಲ್ಲಿ. ಅವನ ನಿಯಮ ಎಷ್ಟು ಸರಳ ಅಂದ್ರೆ ಹಳ್ಳಿ ಅಂಗಡಿಯ ಗೋಡೆ ಮೇಲೆ ಬರೆದು ಹಾಕಬಹುದು. ಬ್ಯಾಟರಿಯಿಂದ ಎಷ್ಟು ಆಂಪಿಯರ್-ಅವರ್ ಖಾಲಿಯಾಗಿದೆಯೋ ಅಷ್ಟು ಆಂಪಿಯರ್‌ಗಿಂತ ಹೆಚ್ಚು ಕರೆಂಟು ಕೊಡಬೇಡಿ. 60 ಖಾಲಿಯಾಗಿದ್ರೆ 60 ಆಂಪಿಯರ್ ವರೆಗೆ ಕೊಡಬಹುದು. 30 ಬಾಕಿ ಉಳಿದಾಗ 30ಕ್ಕೆ ಇಳಿಸಿ. 5 ಬಾಕಿ ಇದ್ದಾಗ 5. ಹಸಿದವನಿಗೆ ದೊಡ್ಡ ಮುದ್ದೆ, ಹೊಟ್ಟೆ ತುಂಬುತ್ತಾ ಬಂದ ಹಾಗೆ ಸಣ್ಣ ತುತ್ತು. ಲೆಕ್ಕ ಹಾಕಿದ್ರೆ (ಎಕ್ಸ್‌ಪೊನೆನ್ಷಿಯಲ್ ಕರ್ವ್, ಪಿಯುಸಿ ನೆನಪು ಮಾಡ್ಕೊಳ್ಳಿ) ಖಾಲಿಯಾದದ್ದರಲ್ಲಿ ಶೇಕಡಾ 63ರಷ್ಟು ಒಂದೇ ಗಂಟೆಯಲ್ಲಿ ತುಂಬುತ್ತೆ, ಎರಡು ಗಂಟೆಗೆ 86, ಮೂರು ಗಂಟೆಗೆ 95. ಹತ್ತು ಗಂಟೆಯ ಕೆಲಸ ಮೂರು ಗಂಟೆಗೆ, ಅದೂ ಬ್ಯಾಟರಿಗೆ ಹೆಚ್ಚು ಹಿಂಸೆ ಕೊಡದೆ! ಇವತ್ತು ನಿಮ್ಮ ಫೋನು ಶೇಕಡಾ 80ರ ತನಕ ಓಡೋಡಿ ಹೋಗಿ ಆಮೇಲೆ ಆಮೆ ಥರ ತೆವಳೋದರ ಹಿಂದೆಯೂ ಇದೇ ಸ್ವಭಾವ ಇದೆ, ಕೆಮಿಸ್ಟ್ರಿ ಬೇರೆ ಅಷ್ಟೇ.

1970ರ ಆಸುಪಾಸಲ್ಲಿ ಜೋಸೆಫ್ ಮಾಸ್ ಅನ್ನೋ ಇಂಜಿನಿಯರ್ ಇದನ್ನೇ ಇನ್ನೂ ಆಳವಾಗಿ ನೋಡಿ, ಬ್ಯಾಟರಿ ಯಾವ ಹೊತ್ತಲ್ಲಿ ಎಷ್ಟು ಕರೆಂಟು ಸ್ವೀಕರಿಸಬಲ್ಲದು ಅನ್ನೋದಕ್ಕೆ ನಿಯಮ ಬರೆದ. ಬರ್ಕೆಟ್ ಮತ್ತು ಬಿಗ್ಬೀ ಅನ್ನೋರು 1971ರಲ್ಲಿ ಪಡೆದ ಪೇಟೆಂಟ್ ಮಜವಾಗಿದೆ. ಜೋರಾಗಿ ಚಾರ್ಜ್ ಮಾಡ್ತಾ ಮಧ್ಯೆ ಮಧ್ಯೆ ಒಂದು ಕ್ಷಣ ಉಲ್ಟಾ ಡಿಸ್ಚಾರ್ಜ್ ಮಾಡೋದು. ಪ್ಲೇಟಿಗೆ ಅಂಟಿಕೊಂಡ ಗುಳ್ಳೆ ಬಿಟ್ಟುಹೋಗಿ ಬ್ಯಾಟರಿ ಮತ್ತೆ ಕರೆಂಟು ತಗೊಳ್ಳೋಕೆ ರೆಡಿ ಆಗುತ್ತೆ ಅನ್ನೋ ತರ್ಕ. ಇದಕ್ಕೆ ಇಂಗ್ಲಿಷಿನಲ್ಲಿ ಇಂಜಿನಿಯರುಗಳು ಇಟ್ಟ ಅಡ್ಡಹೆಸರನ್ನ ಕನ್ನಡಕ್ಕೆ ತಂದ್ರೆ "ತೇಗು ಚಾರ್ಜಿಂಗ್" :-) ಎಳೇ ಮಗುವಿಗೆ ಹಾಲು ಕುಡಿಸಿ ಬೆನ್ನು ತಟ್ಟಿ ತೇಗಿಸ್ತಾರಲ್ಲ, ಹಾಗೆ. ಇದರಿಂದ ನಿಜಕ್ಕೂ ಎಷ್ಟು ಲಾಭ ಅನ್ನೋ ಬಗ್ಗೆ ಇಂಜಿನಿಯರುಗಳಲ್ಲಿ ಇವತ್ತಿಗೂ ಒಮ್ಮತ ಇಲ್ಲ.

ಇನ್ನೊಂದು ಕಡೆ ನಿಕ್ಕಲ್-ಕ್ಯಾಡ್ಮಿಯಂ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಮಾಡಿದ್ದು. ಅದನ್ನ ಪೂರ್ತಿ ಮುಚ್ಚಿ ಸೀಲ್ ಮಾಡೋಕೆ 1947ರ ತನಕ ಕಾಯಬೇಕಾಯಿತು. ಜಾರ್ಜ್ ನ್ಯೂಮನ್ ಮಾಡಿದ ಉಪಾಯದಲ್ಲಿ, ಹೆಚ್ಚು ಚಾರ್ಜ್ ಆದಾಗ ಹುಟ್ಟೋ ಆಕ್ಸಿಜನ್ ಹೊರಗೆ ಹೋಗದೆ ಒಳಗೇ ಇನ್ನೊಂದು ಪ್ಲೇಟು ಅದನ್ನ ನುಂಗಿಬಿಡುತ್ತೆ. ಗುಳ್ಳೆ ಇಲ್ಲ, ವಾಸನೆ ಇಲ್ಲ. ಮುಂದೆ ಸೀಸದ ಬ್ಯಾಟರಿಗೂ ಇದೇ ಥರದ ವಿದ್ಯೆ ಬಂತು. ನಿಮ್ಮ ಆಫೀಸಿನ ಯುಪಿಎಸ್ ಒಳಗಿನ, ನೀರು ಹಾಕೋದೇ ಬೇಡದ ಬ್ಯಾಟರಿ ಆ ಸಂತಾನ.

ಗುಳ್ಳೆ ಕಾಣಲ್ಲ ಅಂದ್ಮೇಲೆ ತುಂಬಿದ್ದು ಗೊತ್ತಾಗೋದು ಹೇಗೆ? ಇಲ್ಲಿ ಪ್ರಕೃತಿ ಒಂದು ಸಹಾಯ ಮಾಡಿತು. ನಿಕ್ಕಲ್ ಸೆಲ್ ತುಂಬಿದ ಮೇಲೂ ಕರೆಂಟು ಕೊಡ್ತಿದ್ರೆ ಆ ಆಕ್ಸಿಜನ್ ನುಂಗೋ ಕೆಲಸದಿಂದ ಸೆಲ್ ಬಿಸಿಯಾಗುತ್ತೆ, ಬಿಸಿಯಾದಾಗ ಇಷ್ಟು ಹೊತ್ತು ಏರ್ತಿದ್ದ ವೋಲ್ಟೇಜು ಸ್ವಲ್ಪ ಇಳಿಯುತ್ತೆ. ಸ್ವಲ್ಪ ಅಂದ್ರೆ ಒಂದು ಸೆಲ್ಲಿಗೆ ಹತ್ತು ಮಿಲಿವೋಲ್ಟ್ ಆಜುಬಾಜು. ಆ ಸಣ್ಣ ಇಳಿತವನ್ನ ಹಿಡಿಯೋ ಸರ್ಕ್ಯೂಟ್ ಮಾಡಿದ್ರು. ಅಥವಾ ಸೆಲ್ಲಿಗೆ ಒಂದು ಥರ್ಮಿಸ್ಟರ್ ಅಂಟಿಸಿ, ನಿಮಿಷಕ್ಕೆ ಒಂದು ಡಿಗ್ರಿ ಏರೋಕೆ ಶುರುವಾದ್ರೆ ನಿಲ್ಲಿಸು ಅಂದ್ರು. ಇದರಿಂದಲೇ ಹದಿನಾಲ್ಕು ಗಂಟೆ ಬೇಡ್ತಿದ್ದ ಸೆಲ್ಲುಗಳನ್ನ ಒಂದು ಗಂಟೆಯಲ್ಲಿ ತುಂಬಿಸೋ ಚಾರ್ಜರುಗಳು ಬಂದಿದ್ದು. ಕಾರ್ಡ್‌ಲೆಸ್ ಡ್ರಿಲ್ಲು, ವಾಕ್‌ಮನ್, ಮದುವೆ ಫೋಟೋಗ್ರಾಫರುಗಳ ಫ್ಲಾಶ್... ಎಲ್ಲಾ ಇದೇ.

ಸರಿ, ಈಗ ಲಿಥಿಯಂ. ಇಲ್ಲಿ ಕಥೆ ಬದಲಾಗುತ್ತೆ, ಮಾವನ ಪ್ರಶ್ನೆ ಬರೋದೂ ಇಲ್ಲೇ.

ಲಿಥಿಯಂ ಸೆಲ್ ಗುಳ್ಳೆ ತೋರಿಸಲ್ಲ. ವೋಲ್ಟೇಜು ಇಳಿಸಿ ಸೂಚನೆ ಕೊಡಲ್ಲ. ಹೆಚ್ಚಾದ ಕರೆಂಟನ್ನ ನುಂಗಿಕೊಳ್ಳೋ ಯಾವ ವ್ಯವಸ್ಥೆಯೂ ಒಳಗಿಲ್ಲ. ಒಂದು ಮಿತಿಯ ತನಕ ಸುಮ್ಮನೆ ತಗೊಳ್ತಾ ಇರುತ್ತೆ, ಮಿತಿ ದಾಟಿದ ಮೇಲೂ ಸುಮ್ಮನೆ ತಗೊಳ್ಳುತ್ತೆ, ಆಮೇಲೆ ಒಂದೇ ಸಲ ಬೆಂಕಿ. ಕೆನಡಾದ ಮೋಲಿ ಎನರ್ಜಿ ಕಂಪನಿ ಲಿಥಿಯಂ ಲೋಹವನ್ನೇ ಹಾಕಿದ ರೀಚಾರ್ಜೆಬಲ್ ಸೆಲ್ ಮಾರಿ, 1989ರಲ್ಲಿ ಬೆಂಕಿಯ ಕಾರಣಕ್ಕೆ ಎಲ್ಲಾ ವಾಪಸ್ ಕರೆಸಿಕೊಂಡಿತು. ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೋ (ಮೂವರಿಗೂ 2019ರ ನೊಬೆಲ್) ಕೆಲಸಗಳ ಮೇಲೆ ನಿಂತ ಲಿಥಿಯಂ-ಅಯಾನ್ ಸೆಲ್ಲನ್ನ 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಾಗ ಲೋಹದ ಬದಲು ಕಾರ್ಬನ್ ಇತ್ತು. ಎರಡು ಬದಿಯ ಮಧ್ಯೆ ತಲೆಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ. ಸುಮಾರು 130 ಡಿಗ್ರಿ ಬಿಸಿಯಾದ್ರೆ ಆ ಪರದೆಯ ಸಣ್ಣ ರಂಧ್ರಗಳೇ ಕರಗಿ ಮುಚ್ಚಿಕೊಂಡು ಅಯಾನುಗಳ ದಾರಿ ನಿಲ್ಲಿಸುತ್ತೆ. ಫ್ಯೂಸ್ ಥರ, ಆದರೆ ಸೆಲ್ಲಿನ ಒಳಗೇ! ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಅತಿ ಕಮ್ಮಿ ಹೊಗಳಿಕೆ ಸಿಕ್ಕ ಆವಿಷ್ಕಾರ ಇದು.

ಆದರೂ ಅದು ಕೊನೇ ಕಾವಲು. ಮೊದಲ ಕಾವಲು ಚಾರ್ಜರ್. ಮೊದಲು ಒಂದೇ ಸಮ ಕರೆಂಟು, ಸೆಲ್ಲಿಗೆ 4.2 ವೋಲ್ಟ್ ಆಗೋ ತನಕ. ಆಮೇಲೆ ವೋಲ್ಟೇಜನ್ನ ಅಲ್ಲೇ ಹಿಡಿದು ಕರೆಂಟು ತಾನಾಗಿ ಇಳಿಯೋಕೆ ಬಿಟ್ಟು, ಹತ್ತರಲ್ಲೋ ಇಪ್ಪತ್ತರಲ್ಲೋ ಒಂದು ಭಾಗಕ್ಕೆ ಬಂದಾಗ ಬಂದ್. ಆ 4.2 ಅನ್ನೋದರಲ್ಲಿ ಶೇಕಡಾ ಒಂದರಷ್ಟು ಹೆಚ್ಚುಕಮ್ಮಿಗಿಂತ ಜಾಸ್ತಿ ಸಲ್ಲದು. ಬೇಗ ಆಗಲಿ ಅಂತ ತೀರಾ ಹೆಚ್ಚು ಕರೆಂಟು ಕೊಟ್ರೆ, ಅಥವಾ ಸೆಲ್ ತುಂಬಾ ತಣ್ಣಗಿದ್ರೆ, ಲಿಥಿಯಂ ಕಾರ್ಬನ್ನಿನ ಪದರಗಳ ಒಳಗೆ ಹೋಗೋಕೆ ಪುರುಸೊತ್ತಿಲ್ಲದೆ ಮೇಲೆಯೇ ಲೋಹವಾಗಿ ಕೂರುತ್ತೆ. ಅದು ಮುಳ್ಳಿನ ಹಾಗೆ ಬೆಳೆದು ಪರದೆ ಚುಚ್ಚಿದ್ರೆ ಒಳಗೇ ಶಾರ್ಟ್.

ನನ್ನ ವಯಸ್ಸಿನವರಿಗೆ ಆ ಕ್ಲಿಪ್ ಚಾರ್ಜರ್ ನೆನಪಿರಬೇಕು. ಜಾತ್ರೆಯಲ್ಲಿ, ಬಸ್ಸಿನಲ್ಲಿ ಮಾರ್ತಿದ್ರು. ಯಾವ ಮೊಬೈಲ್ ಬ್ಯಾಟರಿ ಬೇಕಾದ್ರೂ ತೆಗೆದು, ಕಪ್ಪೆ ಬಾಯಿ ಥರದ ಕ್ಲಿಪ್ಪಿನಲ್ಲಿ ಕಚ್ಚಿಸಿ ಗೋಡೆಗೆ ಚುಚ್ಚೋದು, ಕೆಂಪು ನೀಲಿ ಹಸಿರು ಲೈಟು ಮಿಣಮಿಣ. ಬ್ಯಾಟರಿಗೆ ಮೂರೋ ನಾಲ್ಕೋ ಹಿತ್ತಾಳೆ ಚುಕ್ಕಿ ಇದ್ವು, ಚಾರ್ಜರಿಗೆ ಎರಡೇ ಕಡ್ಡಿ. ಉಳಿದ ಚುಕ್ಕಿ ಯಾಕೆ ಅಂತ ನಾವ್ಯಾರೂ ಕೇಳಿರಲಿಲ್ಲ. ಬ್ಯಾಟರಿಯ ಗುರುತನ್ನೋ ಬಿಸಿಯನ್ನೋ ಫೋನಿಗೆ ತಿಳಿಸೋಕೆ ಇದ್ದ ಚುಕ್ಕಿ ಅದು. ಕ್ಲಿಪ್ ಚಾರ್ಜರಿಗೆ ಅದನ್ನ ಕೇಳೋ ಕಿವಿಯೇ ಇರಲಿಲ್ಲ. ಅಷ್ಟಾದರೂ ದಿನಾ ಒಂದು ಮನೆ ಸುಡದೇ ಇದ್ದದ್ದು ಬ್ಯಾಟರಿಯ ಹೊಟ್ಟೆಯಲ್ಲೇ ಕೂತಿದ್ದ ಉಗುರಿನಷ್ಟು ದೊಡ್ಡ ರಕ್ಷಣಾ ಸರ್ಕ್ಯೂಟಿನಿಂದ. ವೋಲ್ಟೇಜು ಮಿತಿ ಮೀರಿದ್ರೆ ಕಟ್ ಮಾಡೋದು ಅದರ ಕೆಲಸ. ಡೂಪ್ಲಿಕೇಟ್ ಬ್ಯಾಟರಿ ಮಾಡೋರು ಕಾಸು ಉಳಿಸೋಕೆ ಮೊದಲು ಕೈಬಿಡೋದೂ ಇಂಥದ್ದನ್ನೇ.

ಅಸಲಿ ಮಾಲಿನಲ್ಲೂ ಎಡವಟ್ಟು ಆಗಿದ್ದುಂಟು. 2006ರಲ್ಲಿ ಸೋನಿ ಸೆಲ್ ಇದ್ದ ಲ್ಯಾಪ್‌ಟಾಪ್ ಬ್ಯಾಟರಿಗಳು ಲಕ್ಷಗಟ್ಟಲೆ ವಾಪಸಾದವು, ಡೆಲ್ ಒಂದೇ 41 ಲಕ್ಷ ವಾಪಸ್ ಕರೆಸಿತು. 2007ರ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿ ಬ್ಯಾಟರಿ ಚಾರ್ಜ್ ಆಗುವಾಗ ಬಿಸಿಯಾಗಬಹುದು ಅಂತ ಎಚ್ಚರಿಸಿತು. ನಮ್ಮ ದೇಶದಲ್ಲಿ ಆಗ ಎಂಥಾ ಗಾಬರಿ ಎದ್ದಿತ್ತು! ಎಲ್ಲರೂ ಫೋನ್ ಹಿಂದೆ ಬಿಚ್ಚಿ ನಂಬರ್ ನೋಡೋರೇ. 2016ರ ಗ್ಯಾಲಕ್ಸಿ ನೋಟ್ 7 ಕಥೆ ನಿಮಗೆಲ್ಲಾ ಗೊತ್ತು.

ಫೋನಿನ ಬ್ಯಾಟರಿಯನ್ನ ಸಾವಿರ ಪಟ್ಟು ದೊಡ್ಡದು ಮಾಡಿ ಅದರ ಮೇಲೆ ಮನುಷ್ಯರನ್ನ ಕೂರಿಸಿದ್ರೆ? ಈ ಅಧ್ಯಾಯದಲ್ಲಿ ಬೆಂಗಳೂರಿನ ಪಾತ್ರ ಸಣ್ಣದಲ್ಲ.

2001ರಲ್ಲಿ ಚೇತನ್ ಮೈನಿ ಅವರ ರೇವಾ ಕಾರು ಬೆಂಗಳೂರಿನ ರಸ್ತೆಗೆ ಇಳೀತು. ಎಂಟು ಸೀಸದ ಬ್ಯಾಟರಿ, 48 ವೋಲ್ಟ್. ಚಾರ್ಜರ್ ಕಾರಿನ ಒಳಗೇ, ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದ್ರೆ ಆಯ್ತು. ಕಂಪನಿ ಹೇಳ್ತಿದ್ದ ಲೆಕ್ಕ: ಶೇಕಡಾ 80 ತುಂಬೋಕೆ ಎರಡೂವರೆ ಗಂಟೆ, ಪೂರ್ತಿ ತುಂಬೋಕೆ ಎಂಟು ಗಂಟೆ. ಅಂದ್ರೆ ಉಳಿದ ಶೇಕಡಾ 20ಕ್ಕೆ ಐದೂವರೆ ಗಂಟೆ! ಮೊದಲ ಭಾಗದಲ್ಲಿ ಮಿತಿ ಹಾಕ್ತಿದ್ದದ್ದು ಗೋಡೆಯ ಸಾಕೆಟ್ಟು, ಎರಡನೇ ಭಾಗದಲ್ಲಿ ಬ್ಯಾಟರಿಯೇ. ಹೊಸದುರ್ಗದ ಬ್ಯಾಟರಿ ಅಂಗಡಿಯವರನ್ನ ಕೇಳಿದ್ರೂ ಇದು ಹೀಗೇ ಆಗುತ್ತೆ ಅಂತ ಹೇಳ್ತಿದ್ರು. 2009ರಲ್ಲಿ ರೇವಾ ಲಿಥಿಯಂ-ಅಯಾನ್ ಮಾದರಿ ತಂದಿತು. ಅದೇ ವರ್ಷ ಅವರು ತೋರಿಸಿದ ಇನ್ನೊಂದು ಉಪಾಯ ನನ್ನಂಥ ಸಾಫ್ಟ್‌ವೇರಿನವರಿಗೆ ಮಜಾ ಕೊಡುತ್ತೆ. ದಾರಿ ಮಧ್ಯೆ ಚಾರ್ಜ್ ಮುಗಿದ್ರೆ ಒಂದು ಎಸ್ಸೆಮ್ಮೆಸ್ ಕಳಿಸೋದು, ಅವರ ಕೇಂದ್ರದಲ್ಲಿ ಬ್ಯಾಟರಿಯ ಮಾಹಿತಿ ನೋಡಿ, ಒಳಗೆ ಎತ್ತಿಟ್ಟಿದ್ದ ಸ್ವಲ್ಪ ಶಕ್ತಿಯನ್ನ ದೂರದಿಂದಲೇ ಬಿಡುಗಡೆ ಮಾಡೋದು. 2010ರಲ್ಲಿ ಮಹೀಂದ್ರದವರು ಕಂಪನಿ ಕೊಂಡರು. ಮೈನಿ ಮುಂದೆ ಚಾರ್ಜ್ ಮಾಡೋ ಗೋಜೇ ಬೇಡ, ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ತಗೊಂಡು ಹೋಗಿ ಅನ್ನೋ ಸನ್ ಮೊಬಿಲಿಟಿ ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು. (ಸೈಕಲ್ ಮೇಲೆ ಬ್ಯಾಟರಿ ತರ್ತಿದ್ದ ನಮ್ಮ ಹಟ್ಟಿಯವರಿಗೆ ಇದು ಎಷ್ಟು ಅನುಕೂಲ ಆಗ್ತಿತ್ತು!)

2013ರಲ್ಲಿ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ ಶುರು ಮಾಡಿದ ಏಥರ್ 2018ರಲ್ಲಿ ಬೆಂಗಳೂರಿನಲ್ಲಿ ಸ್ಕೂಟರ್ ಮಾರೋಕೆ ಹೊರಟಾಗ, ಜೊತೆಗೇ ತನ್ನದೇ ವೇಗದ ಚಾರ್ಜಿಂಗ್ ಜಾಲವನ್ನೂ ಹಾಕಿತು. ಆಗ ನಿಮಿಷಕ್ಕೆ ಸುಮಾರು ಒಂದು ಕಿಲೋಮೀಟರಿನಷ್ಟು ಅಂತ ಅವರ ಲೆಕ್ಕ. ಅವರು ಮಾಡಿದ ಕನೆಕ್ಟರ್ 2023ರಲ್ಲಿ ಹಗುರ ವಾಹನಗಳಿಗೆ ಭಾರತೀಯ ಮಾನಕ ಸಂಸ್ಥೆಯ ಒಪ್ಪಿಗೆ ಪಡೆದ ಸ್ಟ್ಯಾಂಡರ್ಡ್ ಆಯಿತು. ಆ ಕನೆಕ್ಟರಿನಲ್ಲಿ ಕರೆಂಟು ಹೋಗೋ ದಪ್ಪ ಪಿನ್ನುಗಳ ಜೊತೆ ಮಾತಾಡೋ ಸಣ್ಣ ಪಿನ್ನುಗಳಿವೆ. ಸ್ಕೂಟರ್ ಚಾರ್ಜರಿಗೆ ಕ್ಷಣಕ್ಷಣಕ್ಕೂ "ಈಗ ಇಷ್ಟು ಕೊಡು, ಈಗ ಕಮ್ಮಿ ಮಾಡು" ಅಂತ ಹೇಳ್ತಾ ಇರುತ್ತೆ. ಕ್ಲಿಪ್ ಚಾರ್ಜರು ಕೇಳಿಸಿಕೊಳ್ಳದೆ ಬಿಟ್ಟ ಚುಕ್ಕಿ ಇಲ್ಲಿ ಸ್ಟ್ಯಾಂಡರ್ಡಿನ ಭಾಗ.

ಇನ್ನು ಮಾವ ಕೇಳಿದ ಹದಿನೈದು ನಿಮಿಷ. ಏಥರ್‌ನಲ್ಲಿದ್ದ ಅರುಣ್ ವಿನಾಯಕ್ ಮತ್ತು ಸಂಜಯ್ ಬ್ಯಾಲಾಳ್ 2020ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎಕ್ಸ್‌ಪೊನೆಂಟ್ ಎನರ್ಜಿ ಹಿಡಿದ ದಾರಿ ಇದು. ಲೆಕ್ಕ ನೋಡಿ. 100 ಆಂಪಿಯರ್-ಅವರ್ ಪ್ಯಾಕನ್ನ ಹದಿನೈದು ನಿಮಿಷಕ್ಕೆ ತುಂಬೋಕೆ 400 ಆಂಪಿಯರ್ ಬೇಕು. ಕರೆಂಟು ಎರಡರಷ್ಟಾದ್ರೆ ಬಿಸಿ ನಾಲ್ಕರಷ್ಟು. ಒಂದು ಗಂಟೆಯ ಚಾರ್ಜಿಗೂ ಹದಿನೈದು ನಿಮಿಷದ ಚಾರ್ಜಿಗೂ ನಡುವೆ ಆ ಕ್ಷಣದ ಬಿಸಿ ಹದಿನಾರು ಪಟ್ಟು! ಅಷ್ಟು ಬಿಸಿ ಹೊರಗೆ ಹಾಕೋ ಎಸಿಯನ್ನ ಆಟೋ ಒಳಗೆ ಹೊತ್ತುಕೊಂಡು ತಿರುಗೋಕೆ ಆಗಲ್ಲ. ಅವರ ಉಪಾಯ: ತಂಪು ಮಾಡೋ ಯಂತ್ರ ಚಾರ್ಜಿಂಗ್ ಸ್ಟೇಷನ್ನಿನಲ್ಲೇ ಇರಲಿ. ಪ್ಲಗ್ ಹಾಕಿದಾಗ ಕರೆಂಟಿನ ಜೊತೆ ತಣ್ಣನೆ ನೀರೂ ಬ್ಯಾಟರಿ ಪ್ಯಾಕಿನ ಒಳಗೆ ಹರಿದು ಬಿಸಿಯನ್ನ ಹೊರಗೆ ತರುತ್ತೆ. ಹೊಲಕ್ಕೆ ನೀರು ಹಾಯಿಸೋ ನಮ್ಮ ಜನಕ್ಕೆ ಇದು ಒಂದೇ ಸಲಕ್ಕೆ ಅರ್ಥ ಆಗುತ್ತೆ. ಹಾಗಾಗಿ ಮಾವನಿಗೆ ನಾನು ಹೇಳಿದ್ದು, "ದಿಟ ಮಾವ, ಆದರೆ ಅದು ಅದಕ್ಕೆ ಅಂತಲೇ ಮಾಡಿದ ಬ್ಯಾಟರಿ, ಅದಕ್ಕೆ ಅಂತಲೇ ಮಾಡಿದ ಸ್ಟೇಷನ್. ನಿಮ್ಮ ಮನೆ ಪಡಸಾಲೆ ಸಾಕೆಟ್ಟಿನಲ್ಲಿ ಆಗೋದಲ್ಲ."

ಬೆಂಕಿಯ ಪ್ರಶ್ನೆಯನ್ನ ಮಾತ್ರ ನಗೆಯಲ್ಲಿ ತೇಲಿಸೋಕೆ ಆಗಲ್ಲ. 2022ರ ಮಾರ್ಚಿನಲ್ಲಿ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ, ಹೊಗೆಯಲ್ಲಿ ಉಸಿರುಕಟ್ಟಿ ತಂದೆ ಮಗಳು ಇಬ್ಬರೂ ತೀರಿಕೊಂಡರು. ಆ ಬೇಸಿಗೆಯಲ್ಲಿ ದೇಶದ ಬೇರೆ ಬೇರೆ ಕಡೆ ಇಂಥ ಸುದ್ದಿ ಬರ್ತಾನೇ ಇತ್ತು. ಕೇಂದ್ರ ಸರ್ಕಾರ ತಜ್ಞರ ಸಮಿತಿ ಕೂರಿಸಿ, ಎಐಎಸ್-156 ಅನ್ನೋ ಮಾನದಂಡವನ್ನ ಬಿಗಿ ಮಾಡಿತು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೇದು 2023ರ ಮಾರ್ಚ್ 31ರಿಂದ. ಸೆಲ್ಲು, ಬ್ಯಾಟರಿ ನಿಭಾಯಿಸೋ ಸರ್ಕ್ಯೂಟು, ಚಾರ್ಜರು, ಪ್ಯಾಕಿನ ವಿನ್ಯಾಸ ಎಲ್ಲಕ್ಕೂ ಹೆಚ್ಚಿನ ನಿಯಮ. ಒಳಗೆ ಶಾರ್ಟ್ ಆಗಿ ಒಂದು ಸೆಲ್ ಹೊತ್ತಿಕೊಂಡ್ರೆ ಅದು ಉಳಿದವಕ್ಕೆ ಹೇಗೆ ಹರಡುತ್ತೆ ಅನ್ನೋದರ ಪರೀಕ್ಷೆಯೂ ಅದರಲ್ಲಿದೆ.

ಆಮೇಲೆ ಬಂದ ಗಾಡಿಯನ್ನೇ ನೋಡಿ, ಕಂಪನಿ ಕೊಟ್ಟ ಚಾರ್ಜರ್ ಬಿಟ್ಟು ಬೇರೆ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಇದೆಯಾ ನೋಡಿಸಿ, ಮಲಗೋ ಕೋಣೆಯಲ್ಲೂ ಓಡಾಡೋ ಬಾಗಿಲಿನ ಅಡ್ಡಕ್ಕೂ ಇಟ್ಟು ಚಾರ್ಜ್ ಮಾಡಬೇಡಿ ಅಂದೆ. "ಹಂಗಾದ್ರೆ ಕೊಟ್ಟಿಗೆ ಕಡೆ ಒಂದು ಪಾಯಿಂಟ್ ಎಳೆಸ್ತೀನಿ ಬಿಡು" ಅಂದ್ರು. ಕೊಟ್ಟಿಗೆಯಲ್ಲಿ ಹುಲ್ಲಿನ ಬಣವೆ ಎಲ್ಲಿದೆ ಅಂತ ನಾನು ಕೇಳಬೇಕಾಯಿತು :-)

ಈಗ ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಹೋಗೋ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಕಾರಿನ ಫಾಸ್ಟ್ ಚಾರ್ಜರುಗಳಿವೆ. ಏಪ್ರಿಲ್ ಮಧ್ಯಾಹ್ನ, ಹೊರಗೆ ಮೈ ಸುಡೋ ಬಿಸಿಲು, ಬೆಂಗಳೂರಿನಿಂದ ನಿಲ್ಲಿಸದೆ ಓಡಿಸಿಕೊಂಡು ಬಂದ ಕಾರಿನ ಬ್ಯಾಟರಿ ಆಗಲೇ ಕಾದಿರುತ್ತೆ. ಪ್ಲಗ್ ಹಾಕಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಕಿಲೋವ್ಯಾಟ್ ಅಂಕಿ ಇಳಿಯೋಕೆ ಶುರುವಾಗುತ್ತೆ. "ಚಾರ್ಜರ್ ಸರಿಯಿಲ್ಲ ಕಣ್ರೀ, 60 ಅಂತ ಬೋರ್ಡ್ ಹಾಕಿ 35 ಕೊಡ್ತಾರೆ" ಅಂತ ಬೈಯೋರು ಇರ್ತಾರೆ. ಒಮ್ಮೊಮ್ಮೆ ಚಾರ್ಜರಿನದೇ ತಪ್ಪಿರಬಹುದು. ಬಹಳ ಸಲ ಕಾರಿನ ಒಳಗಿನ ಸರ್ಕ್ಯೂಟು ಸೆಲ್ಲುಗಳ ಬಿಸಿ ನೋಡಿ ಚಾರ್ಜರಿಗೆ ಕಮ್ಮಿ ಮಾಡು ಅಂದಿರುತ್ತೆ. ಅಷ್ಟರಲ್ಲಿ ಒಂದು ಪ್ಲೇಟ್ ತಟ್ಟೆ ಇಡ್ಲಿ, ಒಂದು ಕಾಫಿ ಮುಗಿಸಿ ಬರಬಹುದು.